ಸತ್ತವರ ದೋಷ ಬರೆದುಕೊಳ್ಳುವ ಆಗ್ನೆಸ್ ಬಾಯಿ

ಆಗ್ನೆಸ್ ಬಾಯಿಯವರ ನಂಬರಿನಿಂದ ಫೋನ್ ಬಂದರೆ ನಮ್ಮವರು ಕೂಡಲೇ ಎತ್ತುವುದಿಲ್ಲ. ಮೊದಲು ಮನೆಯವರ ತಲೆ ಎಣಿಸುತ್ತಾರೆ, ಎಲ್ಲ ತಲೆಗಳೂ ಇವೆ ಎಂದು ಖಾತ್ರಿಯಾದ ಮೇಲೆ ಎತ್ತಿ, "ಬಾಯಮ್ಮ, ಎಲ್ಲರೂ ಇದ್ದಾರಲ್ಲ?" ಎಂದು ಕೇಳುತ್ತಾರೆ. ಒಮ್ಮೆ ಅವರು ಮಗಳು ಶರ್ಲಿನ್‌ಳ ಹುಟ್ಟುಹಬ್ಬಕ್ಕೆ ಕರೆಯಲೆಂದು ಹತ್ತು ಮನೆಗೆ ಫೋನ್ ಮಾಡಿದ್ದರು. ಏಳು ಮನೆಯವರು ಎತ್ತಲೇ ಇಲ್ಲ. ಎಂಟನೆಯವರು ಎತ್ತಿ, ವಿಷಯ ಕೇಳುವ ಮೊದಲೇ ಅಳಲು ಶುರು ಮಾಡಿದರಂತೆ.

ಕುವೈತಿನಲ್ಲಿ ಯಾರಾದರೂ ಡಾಕ್ಟರ ಕಣ್ಣೆದುರಲ್ಲದೆ ರೂಮಿನಲ್ಲೋ ರಸ್ತೆಯಲ್ಲೋ ತೀರಿಕೊಂಡರೆ ದೇಹ ಹೋಗುವುದು ಸರಕಾರಿ ಶವಪರೀಕ್ಷೆ ಕಚೇರಿಗೆ. ಅಲ್ಲಿಯ ಡಾಕ್ಟರು ಸಾವಿನ ಕಾರಣ ಬರೆದು ಸಹಿ ಹಾಕುವ ತನಕ ಮಣ್ಣಿಗೂ ಇಲ್ಲ, ವಿಮಾನಕ್ಕೂ ಇಲ್ಲ. ಆ ಡಾಕ್ಟರಿಗೂ ನಮ್ಮಂಥವರಿಗೂ ನಡುವೆ ಕೂತವರು ಆಗ್ನೆಸ್ ಬಾಯಿ. ಇಪ್ಪತ್ತೇಳು ವರ್ಷದ ಹಿಂದೆ ಮಂಗಳೂರಿನ ಬೋಳಾರದಿಂದ ನರ್ಸ್ ಆಗಿ ಬಂದವರು. ಕೊಂಕಣಿ, ತುಳು, ಕನ್ನಡ, ಮಲಯಾಳ, ಹಿಂದಿ ಬರುತ್ತದೆ. ಪಕ್ಕದ ಬ್ಯಾರಿ ಮುಸ್ಲಿಮರ ಮನೆಯಲ್ಲಿ ಆಡಿ ಬೆಳೆದ ಕಾರಣ ನಮ್ಮ ಬ್ಯಾರಿ ಭಾಷೆ ಬೈಗುಳ ಸಮೇತ ಬರುತ್ತದೆ. ಅರಬಿ ಇಲ್ಲಿ ಬಂದು ಕಲಿತರು. ಇಷ್ಟು ಭಾಷೆಯವಳು ವಾರ್ಡಿನಲ್ಲಿ ಗ್ಲೂಕೋಸ್ ಬಾಟಲಿ ಬದಲಿಸಿಕೊಂಡಿರುವುದು ದಂಡ ಎಂದು ಯಾರೋ ಅಧಿಕಾರಿಗೆ ಅನ್ನಿಸಿ, ಈ ಕಚೇರಿಯ ಕುರ್ಚಿಗೆ ತಂದು ಕೂರಿಸಿದರು. ಅಂದಿನಿಂದ ಅವರ ಕೆಲಸ ಒಂದೇ. ಸತ್ತವನ ಜೊತೆ ಇದ್ದವರನ್ನು ಎದುರು ಕೂರಿಸಿಕೊಂಡು, ಅವನು ಬದುಕಿದ್ದಾಗ ಏನೇನು ಕಾಯಿಲೆ ಇತ್ತು, ಏನು ತಿಂದ, ಏನು ಕುಡಿದ, ಯಾವ ಮಾತ್ರೆ ನುಂಗಿದ, ಯಾವುದನ್ನು ನುಂಗದೆ ಬಿಟ್ಟ, ಇದನ್ನೆಲ್ಲ ಕೇಳಿ ಬರೆದು ಡಾಕ್ಟರಿಗೆ ಅರಬಿಯಲ್ಲಿ ಕೊಡುವುದು.

ಈ ಕೆಲಸ ಮನುಷ್ಯರನ್ನು ಹಾಳು ಮಾಡುತ್ತದೆ. ಮದುವೆ ಊಟಕ್ಕೆ ಬಂದರೆ ಬಾಯಿ ಎದುರು ಕೂತವನ ತಟ್ಟೆಯನ್ನೇ ನೋಡುತ್ತಾರೆ. "ಶುಗರ್ ಎಷ್ಟುಂಟು? ಫೈಲ್ ಎಲ್ಲಿಟ್ಟಿದ್ದಿ? ಹೆಂಡತಿಗೆ ಗೊತ್ತುಂಟಾ?" ಎಂದು ಕೇಳುತ್ತಾರೆ. ಕೇಳಿದ ಮೇಲೆ ಯಾರ ಗಂಟಲಲ್ಲಿ ಬಿರಿಯಾನಿ ಇಳಿಯಬೇಕು? ಶರ್ಲಿನ್ ಮಾತ್ರ "ಮಮ್ಮಾ, ಪ್ಲೀಸ್, ನಾಟ್ ವೈಲ್ ಪೀಪಲ್ ಆರ್ ಈಟಿಂಗ್" ಎಂದು ಇಂಗ್ಲಿಷಿನಲ್ಲಿ ಗದರುತ್ತಾಳೆ. ಗಂಡ ರೋಕ್, ಹೋಟೆಲೊಂದರ ಬೇಕರಿ ನೋಡಿಕೊಳ್ಳುವ ಸಾಧು ಮನುಷ್ಯ, ತನ್ನ ಕಾಯಿಲೆಗಳ ಪಟ್ಟಿಯನ್ನು ತಾರೀಖು ಸಮೇತ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾರೆ. "ನಾನು ಸತ್ತರೆ ಇವಳು ನನ್ನ ಗೆಳೆಯರ ಮರ್ಯಾದೆ ತೆಗೆಯುವುದು ಬೇಡ" ಎನ್ನುವುದು ಅವರ ಸಮಜಾಯಿಷಿ.

ಬಾಯಿಗೆ ಇಷ್ಟು ಸಂಶಯ ಬರಲು ಕಾರಣ ನಾವೇ. ನಾವು ಅಂದರೆ ಕರಾವಳಿಯವರು, ಬ್ಯಾರಿಗಳಾಗಲಿ ಕ್ರೈಸ್ತರಾಗಲಿ. ಮನುಷ್ಯ ಬದುಕಿರುವಾಗ ಅವನ ಹಲ್ಲುಜ್ಜುವ ಸದ್ದನ್ನೂ ಸಹಿಸದ ನಾವು, ಅವನು ಸತ್ತ ಮರುಗಳಿಗೆ ಅವನಲ್ಲಿ ಒಂದು ಕೊರತೆ ಹೇಳುವುದಿಲ್ಲ. ಸತ್ತವರ ದೋಷ ಎತ್ತಬಾರದು ಎಂದು ಮದ್ರಸಾದಲ್ಲೂ ಕಲಿಸಿದ್ದಾರೆ, ಇಗರ್ಜಿಯಲ್ಲೂ ಕಲಿಸಿದ್ದಾರೆ. ತೊಂದರೆ ಏನೆಂದರೆ, ನಮ್ಮ ಪಟ್ಟಿಯಲ್ಲಿ ಬಿಪಿಯೂ ದೋಷ, ಶುಗರೂ ದೋಷ. "ಏನಾದರೂ ಕಾಯಿಲೆ ಇತ್ತಾ?" ಎಂದು ಕೇಳಿದರೆ, ಕಳ್ಳತನ ಮಾಡಿದ್ದನಾ ಎಂದು ಕೇಳಿದ ಹಾಗೆ ಕೆನ್ನೆಗೆ ಬಡಿದುಕೊಳ್ಳುತ್ತೇವೆ. ಬಾಯಿಯ ಮೇಲಿನ ಡಾಕ್ಟರು ಒಬ್ಬ ಮಿಸ್ರಿ, ಈಜಿಪ್ಟಿನವರು. ಅವರು ಒಮ್ಮೆ ಕಾಗದ ಕೆಳಗಿಟ್ಟು ಕೇಳಿದರಂತೆ: "ಸಿಸ್ಟರ್, ನಿಮ್ಮ ಊರಿನಲ್ಲಿ ಯಾರಿಗೂ ಯಾವ ರೋಗವೂ ಇಲ್ಲ. ಹಾಗಾದರೆ ಇವರೆಲ್ಲ ಯಾಕೆ ಸಾಯುತ್ತಾರೆ?"

ನಾನು ಇದನ್ನೆಲ್ಲ ನಗುತ್ತಾ ಹೇಳುತ್ತಿದ್ದವನು. ಆಮೇಲೆ ನಮ್ಮ ರೂಮಿನಲ್ಲೇ ಸಾವಾಯಿತು, ಮತ್ತು ಆ ಪೆದ್ದುತನದಲ್ಲಿ ಮೊದಲ ಬಹುಮಾನ ನನಗೇ ಬಂತು.

ನನ್ನ ಹೆಸರು ಮುಸ್ತಫಾ. ಫಹಾಹೀಲಿನ ಮಾರ್ಕೆಟ್ಟಿನಲ್ಲಿ ಅತ್ತರ್ ಅಂಗಡಿಯಲ್ಲಿ ಸೇಲ್ಸ್‌ಮ್ಯಾನ್. ಮಾರ್ಕೆಟ್ಟಿನ ಹಿಂದಿನ ಹಳೆಯ ಕಟ್ಟಡದ ನಾಲ್ಕನೇ ಮಾಳಿಗೆಯಲ್ಲಿ ನಮ್ಮ ರೂಮು. ನಾಲ್ಕು ಮಂಚ, ನಾಲ್ಕು ಬ್ಯಾರಿಗಳು. ಹಿರಿಯರು ಪುತ್ತಬ್ಬ ಕಾಕ, ಉಪ್ಪಿನಂಗಡಿಯವರು, ಐವತ್ತೈದು ದಾಟಿತ್ತು, ಮೀನಾ ಅಬ್ದುಲ್ಲಾ ಎಂಬ ಜಾಗದ ಒಂದು ಕಂಟ್ರಾಕ್ಟ್ ಕಂಪನಿಯಲ್ಲಿ ಸ್ಟೋರ್ ಕೀಪರ್. ಆಮೇಲೆ ನಾನು. ಆಮೇಲೆ ಕಫೆಟೇರಿಯಾದ ಶಬೀರ್. ಕೊನೆಯವನು ವಿಟ್ಲದ ಅಶ್ಕರ್, ಮೊಬೈಲ್ ರಿಪೇರಿಯವನು, ಇಪ್ಪತ್ತೆಂಟು ವರ್ಷ. ಅವನಿಗೆ ಗುರುವಾರದ ಟಿಕೆಟ್ ಆಗಿತ್ತು. ಮುಂದಿನ ಭಾನುವಾರ ಸಮೀಹಾ ಎಂಬ ಹುಡುಗಿಯ ಜೊತೆ ನಿಕಾಹ್. ಎರಡು ಸಲ ಮುಂದೆ ಹೋದ ನಿಕಾಹ್ ಅದು. ಒಮ್ಮೆ ರಜೆ ಸಿಗಲಿಲ್ಲ, ಇನ್ನೊಮ್ಮೆ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ನವೀಕರಣವಾಗದೆ ಸಿಕ್ಕಿಬಿತ್ತು. ಮೂರನೇ ಸಲವೂ ತಪ್ಪಿದರೆ ಬೇರೆ ಕಡೆ ನೋಡುತ್ತೇವೆ ಎಂದು ಹುಡುಗಿಯ ತಂದೆ ಹೇಳಿಯಾಗಿತ್ತು.

ಆ ಶುಕ್ರವಾರ ಬೆಳಿಗ್ಗೆ ಏಸಿಯ ವಿಷಯಕ್ಕೆ ಜಗಳವಾಯಿತು. ಕಾಕ ಕೆಲವು ದಿನಗಳಿಂದ ಸೆಕೆ ಸೆಕೆ ಎಂದು ಏಸಿಯನ್ನು ಹದಿನಾರಕ್ಕೆ ಇಳಿಸುತ್ತಿದ್ದರು. ಅಶ್ಕರನ ಮಂಚ ಸರಿಯಾಗಿ ಅದರ ಬಾಯಿಯ ಕೆಳಗೆ. ಎರಡು ಕಂಬಳಿ ಹೊದ್ದು ನಡುಗುತ್ತಿದ್ದವನು ಎದ್ದು ಕೂತು, "ಕಾಕಾ, ಒಂದು ದಿನ ನಿಮ್ಮನ್ನೇ ಐಸಿನಲ್ಲಿ ಹಾಕಿ ಇಡ್ತೇನೆ, ಆಗ ಸೆಕೆ ಹೋಗ್ತದೆ" ಎಂದು ಕಟ್ಟಡಕ್ಕೆಲ್ಲ ಕೇಳುವ ಹಾಗೆ ಕಿರುಚಿದ. ಇದು ನಮ್ಮ ರೂಮಿನ ಮಾಮೂಲಿ ಸಲಾಮು. ಜುಮಾ ನಮಾಜು ಮುಗಿಸಿ ಬಂದು ಅಶ್ಕರನೇ ಕೋಳಿ ಬಿರಿಯಾನಿ ಮಾಡಿದ. ಕಾಕ ಎರಡು ತಟ್ಟೆ ತಿಂದರು, ಕೈ ತೊಳೆದರು, ಗೋಡೆಯ ಕಡೆ ತಿರುಗಿ ಮಲಗಿದರು. ಇಳಿಹೊತ್ತಿನ ಅಸರ್ ನಮಾಜಿನ ಬಾಂಗ್ ಆದಾಗ ಎಬ್ಬಿಸಲು ಹೋದೆ. ಕಾಲು ಹಿಡಿದು ಅಲುಗಾಡಿಸಿದೆ. ಕಾಲು ತಣ್ಣಗಿತ್ತು.

ಹದಿನಾಲ್ಕು ವರ್ಷ ಒಂದೇ ರೂಮಿನಲ್ಲಿ ಇದ್ದ ಮನುಷ್ಯ. ನನಗೆ ಅಲ್ಲೇ ಕೂತು ಅತ್ತುಬಿಡಬೇಕು ಅನ್ನಿಸಿತು, ಅತ್ತೂಬಿಟ್ಟೆ. ಅಳುತ್ತಿರುವಾಗಲೇ ಪೊಲೀಸರು ಬಂದರು. ಅಧಿಕಾರಿ ನನ್ನನ್ನು ಕೇಳಿದ, "ಇವರಿಗೆ ಕಾಯಿಲೆ ಏನಾದರೂ?"

"ಕಾಯಿಲೆಯಾ? ಕುದುರೆ ಹಾಗಿದ್ದರು ಸಾರ್" ಎಂದೆ ನಾನು.

ಶಬೀರ್ ಸುಮ್ಮನಿದ್ದನಾ? "ಒಂದು ತಲೆನೋವು ಅಂತ ಮಲಗಿದವರಲ್ಲ. ಐದು ಹೊತ್ತು ನಮಾಜು. ಊಟದಲ್ಲಿ ಸಹ ಹಿತಮಿತ" ಎಂದ. ಎರಡು ತಟ್ಟೆ ಬಿರಿಯಾನಿಯ ಪಾತ್ರೆ ಇನ್ನೂ ತೊಳೆಯದೆ ಅವನ ಕಾಲಬುಡದಲ್ಲೇ ಇತ್ತು.

ಅಶ್ಕರ್ ಬಿಕ್ಕಿ ಬಿಕ್ಕಿ ಅಳುತ್ತಾ, "ಅವರು ಇಷ್ಟು ಬೇಗ ಸಾಯುವ ಜನವೇ ಅಲ್ಲ ಸಾರ್. ಇದು ಹೇಗಾಯ್ತು ಅಂತಲೇ ಗೊತ್ತಾಗುವುದಿಲ್ಲ" ಎಂದ. ಪಾಪ, ಹೊಗಳುವ ಭರದಲ್ಲಿ ತನ್ನ ಗುಂಡಿ ತಾನೇ ತೋಡಿಕೊಂಡ.

ಆಮೇಲೆ ಅಧಿಕಾರಿ ಕೆಳಗಿಳಿದು ಕಟ್ಟಡದ ಕಾವಲುಗಾರ ಹಾರಿಸನನ್ನು ಕೇಳಿದ. ಅವನು ಬಾಂಗ್ಲಾದೇಶದವನು, ನಮ್ಮ ಭಾಷೆ ಅವನಿಗೆ ಅಷ್ಟಿಷ್ಟು ಗೊತ್ತು, ಹೊಗಳುವ ನಮ್ಮ ಶಿಸ್ತು ಗೊತ್ತಿಲ್ಲ. ಬೆಳಿಗ್ಗೆ ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳಿದ. ಕೊನೆಗೆ ಪೊಲೀಸ್ ಕಾಗದದಲ್ಲಿ ಉಳಿದದ್ದು ಇಷ್ಟು: ಯಾವ ರೋಗವೂ ಇಲ್ಲದ ಗಟ್ಟಿ ಮನುಷ್ಯ, ಬೆಳಿಗ್ಗೆ ತನ್ನನ್ನು ಐಸಿನಲ್ಲಿ ಇಡುತ್ತೇನೆ ಎಂದವನು ಮಧ್ಯಾಹ್ನ ಮಾಡಿದ ಅಡಿಗೆ ತಿಂದು ಎರಡು ಗಂಟೆಯೊಳಗೆ ಸತ್ತಿದ್ದಾನೆ. ಅಶ್ಕರನನ್ನು ಠಾಣೆಗೆ ಕರೆದು, ಸಂಜೆ ವಾಪಸು ಬಿಟ್ಟರು. ಆದರೆ ಸಾವಿನ ಕಾರಣ ಗೊತ್ತಾಗುವ ತನಕ ದೇಶ ಬಿಡುವ ಹಾಗಿಲ್ಲ ಎಂದು ಅವನ ಹೆಸರನ್ನು ಕಂಪ್ಯೂಟರಿಗೆ ಹಾಕಿದರು. ಒಳ್ಳೆಯ ಮಾತಾಡಿಯೇ ಒಬ್ಬನ ಮದುವೆ ನಿಲ್ಲಿಸಬಹುದು ಎಂದು ನನಗೆ ಅಂದು ಗೊತ್ತಾಯಿತು.

ಭಾನುವಾರ ಕಚೇರಿ ತೆರೆದ ಕೂಡಲೇ ಆಗ್ನೆಸ್ ಬಾಯಿಯ ಫೋನು. ಈ ಸಲ ತಲೆ ಎಣಿಸುವ ಅಗತ್ಯ ಇರಲಿಲ್ಲ. ಮೂವರೂ ಹೋದೆವು. ಸಣ್ಣ ಕೋಣೆ, ಮೇಜಿನ ಮೇಲೆ ಏಸುವಿನ ಪುಟ್ಟ ಚಿತ್ರ, ಒಂದು ಡಬ್ಬಿ ಟಿಶ್ಯೂ. ಬಾಯಿ ಕನ್ನಡಕದ ಮೇಲಿನಿಂದ ನಮ್ಮನ್ನು ನೋಡಿದರು.

"ನಿಮ್ಮ ಪೊಲೀಸ್ ಹೇಳಿಕೆ ಓದಿದೆ ಮಾರಾಯ. ಪುತ್ತಬ್ಬರಿಗೆ ರೆಕ್ಕೆ ಒಂದು ಇರಲಿಲ್ಲ, ಅಷ್ಟೆಯಾ?"

ನಾವು ತಲೆ ತಗ್ಗಿಸಿದೆವು.

"ಸರಿಯಾಗಿ ಕೇಳಿ. ಡಾಕ್ಟರು ಹೊರಗಿನಿಂದ ನೋಡಿದ್ದಾರೆ. ಗಾಯ ಇಲ್ಲ, ಗುರುತು ಇಲ್ಲ. ಹೃದಯ ಅಂತ ಅವರಿಗೆ ಅನ್ನಿಸ್ತದೆ. ಆದರೆ ಹೃದಯದ ತೊಂದರೆ ಇತ್ತು ಅಂತ ಯಾರೂ ಹೇಳದೆ ಅವರು ಹೇಗೆ ಬರೆಯುವುದು? ಏನೂ ಸಿಗದಿದ್ದರೆ ಕೊಯ್ದು ನೋಡಬೇಕು, ಹೊಟ್ಟೆಯಲ್ಲಿದ್ದದ್ದನ್ನು ಲ್ಯಾಬಿಗೆ ಕಳಿಸಬೇಕು. ಅದು ಬರ್ಲಿಕ್ಕೆ ನಾಲ್ಕು ವಾರ." ಅಶ್ಕರನ ಕಡೆ ತಿರುಗಿದರು. "ನಿನ್ನ ನಿಕಾಹ್ ಯಾವಾಗ?"

"ಬರುವ ಭಾನುವಾರ, ಬಾಯಮ್ಮ."

"ಹಾಗಾದರೆ ಬೇಗ ಬೇಗ ಪುತ್ತಬ್ಬರ ದೋಷ ಹೇಳಿ."

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹೇಳಬೇಕು ಎಂದು ಗೊತ್ತು, ಹೇಳಲು ಬರುವುದಿಲ್ಲ. ಶಬೀರ್ "ಒಳ್ಳೆ ಮನುಷ್ಯ ಬಾಯಮ್ಮ" ಎಂದುಬಿಟ್ಟ. ನಾನು ಅವನನ್ನು ತಿವಿದೆ. ಆದರೆ ನನ್ನ ಬಾಯಿಂದಲೂ ಬೇರೆ ಏನೂ ಬರಲಿಲ್ಲ.

ಇಂಥವರಿಗೆಂದೇ ಬಾಯಿಯ ಹತ್ತಿರ ಒಂದು ಉಪಾಯ ಇದೆ. ಅವರು ಬೈಯುವುದಿಲ್ಲ, ಹೆದರಿಸುವುದೂ ಇಲ್ಲ. ನಮಗಿಂತ ಹೆಚ್ಚು ಹೊಗಳಲು ಶುರು ಮಾಡುತ್ತಾರೆ.

"ಹೌದು ಶಬೀರ್, ಒಳ್ಳೆ ಮನುಷ್ಯ. ಲಿಫ್ಟ್ ಹಾಳಾದರೂ ನಾಲ್ಕು ಮಾಳಿಗೆ ಓಡಿಕೊಂಡು ಹತ್ತುತ್ತಿದ್ದರಂತೆ?"

"ಓಡಿಕೊಂಡು ಅಂತ ಅಲ್ಲ..."

"ನಿಮ್ಮ ಸಾಮಾನಿನ ಚೀಲ ಸಹ ಅವರೇ ಹೊತ್ತುಕೊಂಡು ಬರ್ತಿದ್ದರು. ಉಸಿರು ಸ್ವಲ್ಪವೂ ಮೇಲೆ ಬರ್ತಿರಲಿಲ್ಲ."

ಶಬೀರನಿಗೆ ತಡೆಯಲಾಗಲಿಲ್ಲ. "ನನ್ನ ಚೀಲವಾ? ಅವರ ಚೀಲ ನಾನು ಹೊರುವುದು ಬಾಯಮ್ಮ! ಎರಡು ತಿಂಗಳಿಂದ! ಒಂದೊಂದು ಮಾಳಿಗೆಗೂ ನಿಂತು ಮೊಬೈಲ್ ನೋಡ್ತಿದ್ದರು. ಯಾರದ್ದೋ ಮೆಸೇಜ್ ಅಂತ ಹೇಳುವುದು. ಒಮ್ಮೆ ನಾನು ಬಗ್ಗಿ ನೋಡಿದೆ, ಮೊಬೈಲ್ ಆಫ್ ಇತ್ತು!"

ಬಾಯಿಯ ಪೆನ್ನು ಓಡಲು ಶುರುವಾಯಿತು. ಮತ್ತೆ ನನ್ನ ಸರದಿ. "ಮುಸ್ತಫಾ, ನಿನ್ನ ಅಂಗಡಿಯಿಂದ ಅತ್ತರ್ ತೆಗೊಳ್ತಿದ್ದರಲ್ಲ. ಎಂಥ ಶೋಕಿ ಮನುಷ್ಯ, ಏನೋ ಒಂದು ರಸಿಕತನ."

ಮೀನಾ ಅಬ್ದುಲ್ಲಾದ ಸ್ಟೋರಿನಲ್ಲಿ ಪೈಪು ಎಣಿಸುವ ಮನುಷ್ಯನಿಗೆ ರಸಿಕತನವಾ? ನನಗೆ ಪಿತ್ತ ನೆತ್ತಿಗೇರಿತು. "ಶೋಕಿ ಅಲ್ಲ ಬಾಯಮ್ಮ. ಎದೆಗೆ ಬಾಮ್ ಉಜ್ಜಿಕೊಳ್ತಿದ್ದರು. ಆ ವಾಸನೆ ಮುಚ್ಚಲಿಕ್ಕೆ ಕಟು ಊದ್ ಅತ್ತರ್ ಮೆತ್ತಿಕೊಳ್ಳುವುದು. ಹದಿನೆಂಟು ವರ್ಷ ಅತ್ತರ್ ಮೂಸಿದ ಮೂಗು ಇದು, ನನ್ನ ಹತ್ತಿರ ನಡೆಯುತ್ತದಾ? ಕೇಳಿದರೆ, 'ನಿನ್ನ ಮೂಗು ಹಾಳಾಗಿದೆ' ಅಂತ ನನಗೇ ಹೇಳಿದ್ದರು."

ಹೇಳಿ ಮುಗಿದ ಮೇಲೆಯೇ ನನ್ನ ಮಾತು ನನಗೆ ಕೇಳಿಸಿತು. ಎದೆಗೆ ಬಾಮ್. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಅವರ ವಾಸನೆಯ ಬಗ್ಗೆ ಜಗಳವಾಡಿದೆನೇ ಹೊರತು ಎದೆಯ ಬಗ್ಗೆ ಕೇಳಲಿಲ್ಲ. ನಾಚಿಕೆಯಾಯಿತು. ಅಶ್ಕರನಿಗೂ ಅದೇ ಹೊತ್ತಿಗೆ ಏನೋ ಹೊಳೆದಿರಬೇಕು. "ಸೆಕೆ ಸೆಕೆ ಅಂತ ಹೇಳ್ತಿದ್ದದ್ದು... ಬೆವರು ಬರ್ತಿತ್ತು ಬಾಯಮ್ಮ. ಏಸಿಯಲ್ಲಿ ಸಹ ಅಂಗಿ ಒದ್ದೆ ಆಗ್ತಿತ್ತು. ನಾನು ನಾಟಕ ಅಂತ ತಿಳಿದೆ" ಎಂದು ಮುಖ ಮುಚ್ಚಿಕೊಂಡ.

ಬಾಯಿ ಟಿಶ್ಯೂ ಡಬ್ಬಿಯನ್ನು ಅವನ ಮುಂದೆ ದೂಡಿ, ಬರೆದದ್ದನ್ನು ಹಿಡಿದುಕೊಂಡು ಡಾಕ್ಟರ ಕೋಣೆಗೆ ಹೋದರು. ಹತ್ತು ನಿಮಿಷದಲ್ಲಿ ವಾಪಸು ಬಂದರು, ಮುಖ ಅಷ್ಟಕ್ಕಷ್ಟೆ. ಮೆಟ್ಟಿಲು, ಬಾಮು, ಬೆವರು ಎಲ್ಲ ಸರಿ, ಆದರೆ ಮೊನ್ನೆ ಒಂದು ಹೇಳಿ ಇವತ್ತು ಇನ್ನೊಂದು ಹೇಳುವ ಮೂವರ ಬಾಯಿಮಾತಿನ ಮೇಲೆ ಸಹಿ ಹಾಕಲು ಡಾಕ್ಟರು ತಯಾರಿಲ್ಲ. ಆಸ್ಪತ್ರೆಯ ಕಾಗದ ಬೇಕು. ರೂಮನ್ನು ನಾವು ಶನಿವಾರವೇ ಜಾಲಾಡಿದ್ದೆವು. ಒಂದು ಮಾತ್ರೆಯ ಚೀಟಿ ಸಹ ಸಿಕ್ಕಿರಲಿಲ್ಲ.

"ಕಾಗದ ಇದ್ದರೆ ಮನೆಯಲ್ಲಿ ಇರಬೇಕು" ಎಂದರು ಬಾಯಿ. "ಹೆಂಡತಿಗೆ ಫೋನ್ ಮಾಡು ಮುಸ್ತಫಾ."

ನಾನು ನೆಲ ನೋಡಿದೆ.

"ಎಂತ?"

"ಅಲೀಮಮ್ಮ ಮಾಮಿಗೆ ಇನ್ನೂ ಹೇಳಲಿಲ್ಲ ಬಾಯಮ್ಮ."

ಇದು ನಮ್ಮ ಇನ್ನೊಂದು ಶಿಸ್ತು. ಗಲ್ಫಿನಲ್ಲಿ ಯಾರೂ ಒಮ್ಮೆಲೇ ಸಾಯುವುದಿಲ್ಲ. ಮೊದಲ ದಿನ ಸ್ವಲ್ಪ ಸುಸ್ತು, ಎರಡನೇ ದಿನ ಅಡ್ಮಿಟ್, ಮೂರನೇ ದಿನ ಸೀರಿಯಸ್, ಆಮೇಲೆ ನೋಡಿಕೊಂಡು ಮುಂದಿನದು. ಶುಕ್ರವಾರ ನಾನು ಮಾಮಿಯ ಅಣ್ಣ ಬೀರಾನಾಕನಿಗೆ ಮಾತ್ರ ತಿಳಿಸಿದ್ದೆ. ಅವರು ಎಲ್ಲಾದರೂ ಸುದ್ದಿ ಬಂದೀತೆಂದು ಮನೆಯ ಟಿವಿ ವಯರು ಕಿತ್ತು, ಪುತ್ತಬ್ಬ ಆಸ್ಪತ್ರೆಯಲ್ಲಿದ್ದಾನೆ, ಹುಷಾರಾಗುತ್ತಿದ್ದಾನೆ ಎಂದು ಹೇಳಿಟ್ಟಿದ್ದರು. ಭಾನುವಾರವಾದರೂ ನಾವು ಆ ಲೆಕ್ಕದಲ್ಲಿ ಇನ್ನೂ ಎರಡನೇ ದಿನದಲ್ಲೇ ಇದ್ದೆವು.

ಬಾಯಿಗೆ ಬಂದ ಸಿಟ್ಟು! ಏಸುವಿನ ಚಿತ್ರ ಎದುರಿಗಿದ್ದದ್ದರಿಂದ ನಾನು ಉಳಿದೆ. "ಆ ಹೆಂಗಸು ಗಂಡನಿಗೆ ಹುಷಾರಾಗಲಿ ಅಂತ ದುವಾ ಮಾಡ್ತಾ ಕೂತಿದ್ದಾಳೆ, ನೀವು ಇಲ್ಲಿ ಕಂತು ಕಟ್ತಿದ್ದೀರಾ? ಹಾಕು ಫೋನು. ಸ್ಪೀಕರ್ ಹಾಕು. ನೀನು ಶುರು ಮಾಡು, ಹೇಳುವುದನ್ನು ನಾನು ಹೇಳ್ತೇನೆ."

ಒಂದೇ ರಿಂಗಿಗೆ ಎತ್ತಿದರು. "ಮಾಮಿ, ನಾನು ಮುಸ್ತಫಾ. ಕಾಕ... ಕಾಕ ತುಂಬ ಒಳ್ಳೆಯವರು ಮಾಮಿ" ಎಂದೆ. ಬೇರೆ ಏನು ಬರುತ್ತದೆ ನನಗೆ! ಬಾಯಿ ಹಣೆ ಚಚ್ಚಿಕೊಂಡರು.

ಆ ಕಡೆಯಿಂದ ಮಾಮಿ, "ಒಳ್ಳೆಯವರಾ?" ಎಂದರು. ಆಮೇಲೆ ಶುರುವಾಯಿತು: "ಯಾರು ಹೇಳಿದ್ದು ನಿನಗೆ, ಒಳ್ಳೆಯವರು ಅಂತ? ಹೋದ ರಜೆಯಲ್ಲಿ ಎದೆ ಹಿಡಿದುಕೊಂಡು ಅಂಗಳದಲ್ಲಿ ಕೂತರಲ್ಲ, ಮಂಗಳೂರಿಗೆ ಕರಕೊಂಡು ಹೋದದ್ದು ಯಾರು? ನಾನು. ಡಾಕ್ಟರು ಹೇಳಿದರು, ಎರಡು ಕಡೆ ಬ್ಲಾಕ್ ಉಂಟು, ಈಗಲೇ ಮಾಡಿಸಿ ಅಂತ. 'ಮುಂದಿನ ರಜೆಯಲ್ಲಿ' ಅಂತ ಹೇಳಿ ಚಪ್ಪಲಿ ಹಾಕಿಕೊಂಡು ಹೊರಟ ಮನುಷ್ಯ ಒಳ್ಳೆಯವರಾ? ಕುವೈತಿನಲ್ಲಿ ಯಾರಿಗೂ ಹೇಳಬಾರದು ಅಂತ ನನ್ನ ಕೈ ಹಿಡಿದು ತಲೆ ಮೇಲೆ ಆಣೆ ಹಾಕಿಸಿಕೊಂಡರು. ಕಂಪನಿಯವರಿಗೆ ಗೊತ್ತಾದರೆ ಖಲಾಸ್ ಅಂತೆ. ನನಗೆ ಗೊತ್ತಾದರೆ ಪರವಾಗಿಲ್ಲ, ನಾನು ರಾತ್ರಿ ನಿದ್ದೆ ಇಲ್ಲದೆ ಕೂತರೆ ಪರವಾಗಿಲ್ಲ!"

ಬಾಯಿಯ ಪೆನ್ನು ಕಾಗದದ ಮೇಲೆ ಹಾರುತ್ತಿತ್ತು. ಎರಡು ಕಡೆ ಬ್ಲಾಕ್. ಮಂಗಳೂರು. ಹೋದ ರಜೆ.

"ಮಾತ್ರೆ ತಿನ್ನುತ್ತಿದ್ದರಾ ಮಾಮಿ?" ಎಂದು ಕೇಳಿದೆ. ಬಾಯಿ ಬರೆದು ತೋರಿಸಿದ ಪ್ರಶ್ನೆ ಅದು.

"ಮಾತ್ರೆ! ದಿನಾ ವಿಡಿಯೋ ಕಾಲಿನಲ್ಲಿ ನನ್ನೆದುರು ಬಾಯಿಗೆ ಹಾಕಿ ತೋರಿಸುತ್ತಿದ್ದರು. ನೋಡು ಅಲೀಮಾ, ತಿಂದೆ, ಇನ್ನಾದರೂ ಸುಮ್ಮನಿರು ಅಂತ. ಮೂರು ತಿಂಗಳು ನಾನು ಅಲ್‌ಹಮ್ದುಲಿಲ್ಲಾ ಅಂತ ಕೂತೆ. ನಮ್ಮ ಮಗಳು ಫರ್ಸಾನಾ ಒಂದು ದಿನ ಮೊಬೈಲಿಗೆ ಕಣ್ಣು ಹಚ್ಚಿ ನೋಡಿ, 'ಉಮ್ಮಾ, ಮಾತ್ರೆಯನ್ನು ಯಾರಾದರೂ ಚೀಪುತ್ತಾರಾ?' ಅಂತ ಕೇಳಿದಳು. ಪೆಪ್ಪರ್‌ಮಿಂಟ್! ಮಾತ್ರೆ ಡಬ್ಬಿಯಲ್ಲಿ ಪೆಪ್ಪರ್‌ಮಿಂಟ್ ತುಂಬಿಸಿಟ್ಟಿದ್ದರು ಆ ಕಳ್ಳ!"

ಶಬೀರ್ ನಕ್ಕುಬಿಟ್ಟ. ಅಶ್ಕರನೂ ಮೂಗು ಒರೆಸುತ್ತಾ ನಕ್ಕ. ಕೊನೆಗೆ ನಾನೂ. ಕಾಕನ ಹಾಸಿಗೆಯ ಬಳಿಯ, ಚೀಟಿ ಕಿತ್ತ ಆ ಡಬ್ಬಿಯಿಂದ ನಾವು ಮೂವರೂ ಒಂದಲ್ಲ ಒಂದು ದಿನ ಪೆಪ್ಪರ್‌ಮಿಂಟ್ ಕದ್ದು ತಿಂದಿದ್ದೆವು.

ಆಗ ಆಗ್ನೆಸ್ ಬಾಯಿ ಪೆನ್ನು ಕೆಳಗಿಟ್ಟು ಮೊಬೈಲನ್ನು ತಮ್ಮ ಕಡೆ ಎಳೆದುಕೊಂಡರು. ಬ್ಯಾರಿಯಲ್ಲೇ ಮಾತಾಡಿದರು. "ಅಲೀಮಮ್ಮ, ನಾನು ಆಗ್ನೆಸ್ ಅಂತ, ಬೋಳಾರದವಳು. ಇಲ್ಲಿ ಸರಕಾರಿ ಕಚೇರಿಯಲ್ಲಿದ್ದೇನೆ. ಒಂದು ವಿಷಯ ನಿಮಗೆ ಇವರು ಹೇಳಲಿಲ್ಲ..."

"ಗೊತ್ತುಂಟು ಬಾಯಮ್ಮ."

ಬಾಯಿ ಮೊಬೈಲಿನ ಕಡೆ ಇನ್ನಷ್ಟು ಬಗ್ಗಿದರು.

"ನಿನ್ನೆಯಿಂದ ಹನ್ನೊಂದು ಫೋನ್ ಬಂತು" ಎಂದರು ಮಾಮಿ. ಸ್ವರದಲ್ಲಿ ಸಿಟ್ಟು ಇರಲಿಲ್ಲ ಈಗ. "ಕುವೈತಿನಿಂದ ನಾಲ್ಕು, ದುಬೈಯಿಂದ ಎರಡು, ಊರಿನವರದ್ದು ಉಳಿದದ್ದು. ಎಲ್ಲರೂ ಹೇಗಿದ್ದೀರಿ ಅಂತ ಕೇಳಿದರು, ಮತ್ತೆ ಪುತ್ತಬ್ಬ ಒಳ್ಳೆ ಮನುಷ್ಯ ಅಂತ ಹೇಳಿದರು. ಮೂವತ್ತು ವರ್ಷದಲ್ಲಿ ಯಾರೂ ನನ್ನ ಹತ್ತಿರ ಅವರನ್ನು ಒಳ್ಳೆಯವರು ಅಂತ ಹೇಳಿದ್ದಿಲ್ಲ. ಮೂರನೇ ಫೋನಿಗೆ ನನಗೆ ಗೊತ್ತಾಯಿತು. ಅಣ್ಣ ಪಾಪ ಸುಳ್ಳು ಹೇಳಲಿಕ್ಕೆ ಎಷ್ಟು ಕಷ್ಟ ಪಡ್ತಿದ್ದಾರೆ, ಅವರನ್ನು ನೋಡಿ ನಾನೂ ಸುಮ್ಮನಿದ್ದೆ. ಹೊಗಳಲಿಕ್ಕೆ ಊರೆಲ್ಲ ಉಂಟು ಬಾಯಮ್ಮ. ಬೈಯಲಿಕ್ಕೆ ನಾನು ಒಬ್ಬಳೇ ಇರುವುದು."

ನಾನು ಎದ್ದು ಗೋಡೆಯ ಕಡೆ ತಿರುಗಿ ನಿಂತೆ. ಅತ್ತರ್ ಮಾರುವವನು ಹಾಗೆ ಅಳಬಾರದು, ಮೂಗು ಕಟ್ಟಿದರೆ ಮರುದಿನ ಅಂಗಡಿಯಲ್ಲಿ ಕೆಲಸ ಇಲ್ಲ. ಆದರೂ ಅತ್ತೆ.

ಬಾಯಿ ಸಮಾಧಾನದ ಮಾತು ಒಂದೂ ಆಡಲಿಲ್ಲ. ಅಶ್ಕರನ ವಿಷಯ ಬಿಡಿಸಿ ಹೇಳಿದರು. ಏಸಿ ಜಗಳ, ಬಿರಿಯಾನಿ, ನಿಕಾಹ್, ಎಲ್ಲ. ಮಾಮಿ ಪೂರ್ತಿ ಕೇಳಿದರು. "ಆ ಹುಡುಗನ ಮೇಲೆ ಸಂಶಯವಾ? ಇವರು ಪೆಪ್ಪರ್‌ಮಿಂಟ್ ಚೀಪಿದ್ದಕ್ಕೆ ಅವನ ಮದುವೆ ನಿಲ್ಲಬೇಕಾ? ಫರ್ಸಾನಾ, ಆ ಕಪಾಟಿನ ಅಡಿಯಲ್ಲಿ ಬಾಪನ ಫೈಲ್ ಉಂಟು ನೋಡು, ಎಲ್ಲ ಹಾಳೆ ಫೋಟೋ ತೆಗೆದು ಕಳಿಸು" ಎಂದರು. ಆಮೇಲೆ ಬಾಯಿಗೆ, "ಅವರನ್ನು ಇಲ್ಲಿಗೆ ಕಳಿಸಿಕೊಡಿ ಬಾಯಮ್ಮ. ನನಗೆ ಬೈದು ಮುಗಿಯಲಿಲ್ಲ" ಎಂದರು.

ಅರ್ಧ ಗಂಟೆಯಲ್ಲಿ ಹದಿನಾರು ಹಾಳೆ ಬಂತು. ಇಸಿಜಿ, ರಕ್ತದ ರಿಪೋರ್ಟು, ಹೃದಯದ ನಾಳಕ್ಕೆ ಬಲೂನು ಹಾಕಿಸಿಕೊಳ್ಳಲು ರೋಗಿ ಒಪ್ಪಲಿಲ್ಲ ಎಂಬುದರ ಕೆಳಗೆ ಕಾಕನ ವಕ್ರ ಸಹಿ. ಬಾಯಿ ಎಲ್ಲವನ್ನೂ ಪ್ರಿಂಟ್ ತೆಗೆದು, ಮಾಮಿಯ ಬೈಗುಳವನ್ನು ಒಂದು ಮಾತೂ ತಪ್ಪದೆ ಅರಬಿಗೆ ಇಳಿಸಿ ಡಾಕ್ಟರ ಮೇಜಿನ ಮೇಲಿಟ್ಟರು. ಪೆಪ್ಪರ್‌ಮಿಂಟಿನ ಜಾಗ ಬಂದಾಗ ಡಾಕ್ಟರು ಒಮ್ಮೆ ಜೋರಾಗಿ ನಕ್ಕರಂತೆ. ಹನ್ನೊಂದು ಫೋನಿನ ಜಾಗಕ್ಕೆ ಬಂದಾಗ ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದರಂತೆ. "ಸಿಸ್ಟರ್, ನಿಮ್ಮ ಜನರಿಂದ ನನಗೆ ಬಂದ ಮೊದಲ ನಿಜವಾದ ಹೇಳಿಕೆ ಇದು" ಎಂದು ಹೇಳಿ, ಮತ್ತೊಮ್ಮೆ ದೇಹ ಪರೀಕ್ಷಿಸಿ, ಮಂಗಳವಾರ ಬೆಳಿಗ್ಗೆ ಬರೆದರು: ಹಳೆಯ ಹೃದಯ ಕಾಯಿಲೆ, ಸಹಜ ಸಾವು. ಕಾಗದ ಠಾಣೆಗೆ ಹೋಯಿತು. ಅಶ್ಕರನ ಹೆಸರು ಕಂಪ್ಯೂಟರಿನಿಂದ ಅಳಿಯುವ ತನಕ ಬಾಯಿ ಠಾಣೆಗೆ ನಾಲ್ಕು ಸಲ ಫೋನ್ ಮಾಡಿದರು. ಪೊಲೀಸರಿಗೂ ಆ ನಂಬರು ಕಂಡರೆ ಹೆದರಿಕೆ ಎಂದು ಅಂದು ಗೊತ್ತಾಯಿತು.

ಗುರುವಾರದ ವಿಮಾನದಲ್ಲಿ ಇಬ್ಬರೂ ಹೋದರು. ಮೇಲೆ ಸೀಟಿನಲ್ಲಿ ಮದುಮಗ, ಕೆಳಗೆ ಪೆಟ್ಟಿಗೆಯಲ್ಲಿ ಕಾಕ. ಹೊರಡುವಾಗ ಅಶ್ಕರ್, ಬಿರಿಯಾನಿ ಬಡಿಸಿದವನು ಆ ಮನೆಗೆ ಯಾವ ಮುಖ ಹೊತ್ತು ಹೋಗಲಿ ಎಂದು ಕೇಳಿದ. ನಾನು ಅವನ ಪೆಟ್ಟಿಗೆಯನ್ನು ಟ್ರಾಲಿಗೆ ಎತ್ತಿಟ್ಟೆ.

ಶುಕ್ರವಾರ ಮಧ್ಯಾಹ್ನ ರೋಕ್ ಮತ್ತು ಬಾಯಿ ನನ್ನನ್ನೂ ಶಬೀರನನ್ನೂ ಊಟಕ್ಕೆ ಕರೆದಿದ್ದರು. ಕೈ ತೊಳೆಯುವಾಗ ಅಶ್ಕರನ ಫೋನು. ಸ್ಪೀಕರ್ ಹಾಕಿದೆ.

"ಕಾಕನ ದಫನ್ ಆಯ್ತು, ಮಣ್ಣು ಹಾಕಿ ಬಂದೆವು ಮುಸ್ತಫಾಕ" ಎಂದ. "ಜನ ಎಂದರೆ ಜನ. ಚಾವಡಿ ತುಂಬ ಕೂತು ಎಲ್ಲರೂ ಹೊಗಳ್ತಿದ್ದರು. ನಾನು ಮೂಲೆಯಲ್ಲಿದ್ದೆ. ಗಂಡ ಹೋದ ಮೇಲಿನ ಇದ್ದತ್ತಿನಲ್ಲಿದ್ದಾರಲ್ಲ, ಮಾಮಿ ಹೊರಗೆ ಬರುವ ಹಾಗಿಲ್ಲ. ಒಳಗಿಂದ ಪರದೆಯ ಹಿಂದೆ ನಿಂತು ನನ್ನನ್ನು ಕರೆಸಿದರು. 'ನೀನು ಅವರ ಜೊತೆ ಇದ್ದವನು, ನನಗೆ ಒಂದು ನಿಜ ಹೇಳು' ಅಂದರು. ಹೊಗಳುವ ಧೈರ್ಯ ನನಗೆ ಬರಲಿಲ್ಲ. 'ಮಾಮಿ, ನಿಮ್ಮ ಫೋನ್ ಇಟ್ಟ ಮೇಲೆ ಕಾಕ ಅರ್ಧ ಗಂಟೆ ನಿಮ್ಮನ್ನು ಬೈಯುತ್ತಿದ್ದರು' ಅಂತ ಹೇಳಿಬಿಟ್ಟೆ."

"ಅಯ್ಯೋ ಹರಾಮಿ!" ಎಂದೆ ನಾನು.

"ಪರದೆಯ ಹಿಂದೆ ಮಾಮಿ ನಕ್ಕರು ಮುಸ್ತಫಾಕ. ನಕ್ಕು ನಕ್ಕು ಅತ್ತರು. ಸುದ್ದಿ ಗೊತ್ತಾದ ಮೇಲೆ ಒಂದು ಹನಿ ಅತ್ತಿರಲಿಲ್ಲವಂತೆ, ಫರ್ಸಾನಾ ಹೇಳಿದಳು. ಅತ್ತು ಮುಗಿಸಿ, 'ಏನೇನು ಬೈಯುತ್ತಿದ್ದರು? ಒಂದೂ ಬಿಡದೆ ಹೇಳು' ಅಂತ ಅಲ್ಲೇ ಕೂತರು."

ಆಗ್ನೆಸ್ ಬಾಯಿ ಒದ್ದೆ ಕೈಯಲ್ಲೇ ಬಂದು ನನ್ನ ಕೈಯಿಂದ ಮೊಬೈಲ್ ತೆಗೆದುಕೊಂಡರು. ಸಾವಿರ ಸಾವು ಬರೆದ ಹೆಂಗಸು, ಅವರ ಕಣ್ಣಲ್ಲಿ ನೀರು ನಾನು ಆವತ್ತೇ ನೋಡಿದ್ದು.

"ಹೇಳಿದ್ದಿಯಾ? ಎಲ್ಲ ಹೇಳಿದ್ದಿಯಾ?"

"ಇನ್ನೂ ಹೇಳ್ತಾ ಇದ್ದೇನೆ ಬಾಯಮ್ಮ. ಚಾ ತರಲಿಕ್ಕೆ ಅಂತ ಎದ್ದು ಬಂದೆ. ವಿಟ್ಲದ ಬಸ್ಸು ಹೋಯ್ತು. ಮನೆಯಲ್ಲಿ ಮದರಂಗಿಗೆ ಕಾಯ್ತಿದ್ದಾರೆ."

"ಕಾಯಲಿ" ಎಂದರು ಬಾಯಿ. "ರಿಕ್ಷಾ ಸಿಗ್ತದೆ. ನೀನು ಒಳಗೆ ಹೋಗಿ ಕೂತುಕೋ."